ಪೂರ್ತಿ ಒಂದು ನಿಮಿಷ

ಮುಟ್ಟಬೇಡ, ಮೊದಲು ನೋಡು
ಎಂದರು ಜಸಿಂತಾ ಸಿಸ್ಟರ್,
ನನ್ನ ಕೊರಳಿನ ಸ್ಟೆತಾಸ್ಕೋಪನ್ನು ತಾವೇ ತೆಗೆದು
ನನ್ನ ಕೋಟಿನ ಜೇಬಿಗೆ ಇಳಿಸುತ್ತ.
ಹಂಪನಕಟ್ಟೆಯ ಬಸ್ಸುಗಳ ಹಾರ್ನು
ಮಕ್ಕಳ ವಾರ್ಡಿನ ಕಿಟಕಿಯಲ್ಲಿ ತೂರಿ ಬರುತ್ತಿತ್ತು.
ಕುದ್ರೋಳಿಯ ಹನೀನ್, ಹನ್ನೊಂದು ತಿಂಗಳು,
ತಾಯಿಯ ಬುರ್ಖಾದ ಮಡಿಕೆಯಲ್ಲಿ ನಿದ್ದೆ.
ಅಳಿಸಿದರೆ ಲೆಕ್ಕ ಕೆಟ್ಟಿತು,
ಅಂಗಿ ಮೇಲೆತ್ತಲು ತಾಯಿಗೇ ಹೇಳು.
ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವವರು
ಬಡ್ಡಿ ವ್ಯಾಪಾರಕ್ಕೆ ಹೋಗಲಿ.

ಎಣಿಸಿದೆ.
ಹೊಟ್ಟೆ ಏರಿದರೆ ಒಂದು. ಏರಿದರೆ ಎರಡು.
ಮೂವತ್ತರ ಹೊತ್ತಿಗೆ ಕಂಡಿತು
ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಜಗ್ಗುವುದು,
ನಿಂತವರ ಹಿಮ್ಮಡಿಯಡಿಯ ಮರಳನ್ನು
ಹಿಂದೆ ಸರಿಯುವ ಅಲೆ ಎಳೆದುಕೊಂಡ ಹಾಗೆ;
ಮೂಗಿನ ಹೊಳ್ಳೆ, ಮೆಂತೆ ಎಲೆಯಷ್ಟು, ಅರಳಿ ಅರಳಿ.
ಐವತ್ತೆಂಟು.
ಅಷ್ಟು ಹೊತ್ತು ನನ್ನ ಉಸಿರು ಎಲ್ಲಿತ್ತೋ.
ಈ ವಯಸ್ಸಿಗೆ ಐವತ್ತು ಮುಟ್ಟಿದರೆ ಓಡು ಎಂದಿತ್ತು ಪಾಠ.
ಸಿಸ್ಟರ್ ಓಡಲಿಲ್ಲ.
ಆಕ್ಸಿಜನ್ನಿನ ಕೊಳವೆ ಆಗಲೇ ಅವರ ಕೈಯಲ್ಲಿತ್ತು.
ಬಾಗಿಲಿನಿಂದಲೇ ಎಣಿಸಿದ್ದರು.

ಗಂಡಸರ ವಾರ್ಡಿಗೆ ಬೇರೆ ನಿಯಮ.
ಮಗುವಿಗೆ ಸುಳ್ಳು ಬೇಡ, ದೊಡ್ಡವರಿಗೆ ಬೇಕು:
ಎಣಿಸುತ್ತಾರೆಂದು ಗೊತ್ತಾದ ಉಸಿರು
ಫೋಟೋಕ್ಕೆ ನಿಂತವರಂತೆ ನೆಟ್ಟಗಾಗುತ್ತದೆ.
ಮಣಿಕಟ್ಟು ಹಿಡಿ, ನಾಡಿ ನೋಡುವ ಹಾಗೆ ಗಡಿಯಾರ ನೋಡು,
ಕಣ್ಣಂಚಿನಲ್ಲಿ ಎದೆ ಇರಲಿ.

ಲಿಂಗಪ್ಪ ಬೆಳ್ಚಡ, ಅರವತ್ತಾರು.
ಹೊಯ್ಗೆಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಗೂಡಿನ ಬಾಯಿಗೆ ನಿಂತವರು.
ಎರಡೂ ಕೈ ಮಂಚಕ್ಕೆ ಊರಿ, ಮುಂದಕ್ಕೆ ಬಾಗಿ,
ದೀಪ ಊದುವವರಂತೆ ತುಟಿ ಸಣ್ಣಗೆ ಮಾಡಿ
ಹೇಳಿದರು:
ಕಾರ್ಖಾನೆ ಮುಚ್ಚಿತು
ಹೊಗೆ ಮಾತ್ರ
ನನ್ನೊಟ್ಟಿಗೆ
ಮನೆಗೆ ಬಂತು.
ಒಂದುಸಿರಿಗೆ ಎಷ್ಟು ಶಬ್ದ, ಬರೆದುಕೋ ಎಂದರು ಸಿಸ್ಟರ್.
ಬರೆದೆ: ಎರಡು.

ಸಿಂಧನೂರಿನವಳು ನಾನು, ಕಲಿತ ತುಳು ಇಷ್ಟೇ:
ಉಸುಲು ದೆಪ್ಪುಲೆ. ಬುಡ್ಲೆ.
ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿದ ಬಿಲ್ಲೆ ಬೆನ್ನಿಗಿಟ್ಟೆ.
ಎಳೆಯುವಾಗ ಹೆಚ್ಚೇನೂ ಇಲ್ಲ. ಬಿಡುವಾಗ
ಸಂದಿಯಲ್ಲಿ ಸಿಕ್ಕಿದ ಗಾಳಿಯ ಉದ್ದ ಸಿಳ್ಳು,
ಮುಗಿಯಿತೆಂದುಕೊಂಡರೆ ಇನ್ನೂ ಇತ್ತು.
ಆಮೇಲೆ ಮಣಿಕಟ್ಟು ಹಿಡಿದೆ.
ಇಪ್ಪತ್ತು, ಎಂದು ಬರೆದೆ.
ಎರಡು ಶಬ್ದ, ಇಪ್ಪತ್ತು ಉಸಿರು:
ಒಂದೇ ಹಾಳೆಯಲ್ಲಿ ಜಗಳವಾಡುವ ಎರಡು ಅಂಕೆ,
ನನಗೆ ಕಾಣಲೇ ಇಲ್ಲ.

ಏತ್ ಬತ್ತ್ಂಡ್ ಬಾಲೆ? ಕೇಳಿದರು.
ನಾಡಿ ಎಂಬತ್ತೆಂಟು ಅಜ್ಜ.
ನಕ್ಕರು.
ಅದಲ್ಲ,
ಇನ್ನೊಂದು.

ಶನಿವಾರ ಬ್ರಾಂಚಿಗೆ ಬೀಡಿ ಕೊಡಬೇಕಂತೆ,
ಹೆಂಡತಿಯ ಮೊಣಕಾಲಿಗೆ ಅಲ್ಲಿಯ ಮೆಟ್ಟಿಲು ಆಗದಂತೆ,
ಚೀಲ ಹೊರುವುದು ಇವರೇ ಅಂತೆ.
ಉಸಿರು ಕಡಿಮೆ ಬಂದರೆ ಮನೆಗೆ ಬಿಡುತ್ತಾರೆ ಎಂದು
ಪಕ್ಕದ ಮಂಚದವ ಹೇಳಿಕೊಟ್ಟಿದ್ದನಂತೆ.
ನಿಮಿಷಪೂರ್ತಿ ಬಿಗಿಹಿಡಿದು
ಒಂದೊಂದಾಗಿ ಕೊಟ್ಟಿದ್ದರು ನನಗೆ,
ಇರುವ ಚಿಲ್ಲರೆಯನ್ನು ಎಣಿಸಿ ಕೊಡುವವರ ಹಾಗೆ.

ರಾತ್ರಿ ಹತ್ತೂವರೆ. ಮೂರು ದಿಂಬಿಗೆ ಒರಗಿ
ಕುಳಿತೇ ನಿದ್ದೆ ಹೋಗಿದ್ದರು.
ಮಂಚದ ಕಾಲಿನ ಬಳಿ, ಮುಟ್ಟದೆ, ಚಪ್ಪಲಿ ಸದ್ದಾಗದಂತೆ ನಿಂತೆ
ಪೂರ್ತಿ ಒಂದು ನಿಮಿಷ.
ಮೂವತ್ತೆರಡು.
ಕೊರಳಿನ ನರಗಳೂ ಹಗ್ಗ ಜಗ್ಗುವ ಕೆಲಸಕ್ಕೆ ಇಳಿದಿದ್ದವು.
ಇಪ್ಪತ್ತನ್ನು ಹೊಡೆದುಹಾಕಿದೆ.
ವಾರ್ಡಿನಲ್ಲಿ ಓಡಬಾರದೆಂದು ಗೊತ್ತಿದ್ದೂ
ಓಡಿದೆ.