ಎಳೆ ಸಿಕ್ಕಿದ ಜಾಗ

ಚಳ್ಳಕೆರೆ ದಾಟಿದರೆ ಕಾವಲು.
ಬೇಲಿ ಬರುವ ಮುಂಚೆ ನಮ್ಮ ಕುರಿ ಮೇದ ಹುಲ್ಲು.
ಈಗ ಅದರ ನಡುವೆ ತಗಡಿನ ಷೆಡ್ಡು, ಷೆಡ್ಡಿನೊಳಗೊಂದು ಬಿಳಿ ಕೋಣೆ,
ಕೋಣೆಯಲ್ಲಿ ಮೇಜು, ಮೇಜಿನ ಮೇಲೆ
ಬುತ್ತಿಯ ಡಬ್ಬಿಗಿಂತ ತುಸು ದೊಡ್ಡ ಪೆಟ್ಟಿಗೆ.

ಒಳಗೆ ಹನ್ನೆರಡು ಗಾಜಿನ ಕುಪ್ಪಿ, ಕುಪ್ಪಿಗೆ ನಾಲ್ಕು ಸಾವೆಕಾಳು.
ತೂಕವೇ ಇಲ್ಲದ ಕಡೆ ಮೊಳಕೆಗೆ
ಮೇಲೆ ಯಾವುದು ಕೆಳಗೆ ಯಾವುದು ಅಂತ ಯಾರು ಹೇಳುತ್ತಾರೆ?
ಇದು ದಾವಣಗೆರೆಯ ಮಂದಾಕಿನಿ ಮೇಡಮ್ಮರ ಪ್ರಶ್ನೆ,
ಆರು ವರ್ಷದ್ದು.
ನನ್ನದು ಅರ್ಧ ದಿನದ ಪ್ರಶ್ನೆ:
ಇದು ಯಾರ ಕೈಯನ್ನಾದರೂ ಕೊಯ್ಯುತ್ತದೆಯೇ?

ಮೊದಲು ಅಲುಗಾಟದ ಮೇಜು. ಮೂರು ದಿಕ್ಕಿಗೂ ಒಂದೊಂದು ನಿಮಿಷ.
ಮಂಡಕ್ಕಿ ಭಟ್ಟಿಯ ಕಾದ ಮರಳಲ್ಲಿ ಅಕ್ಕಿ ಕುಣಿಯುತ್ತದಲ್ಲ, ಹಾಗೆ.
ಅಕ್ಕಿ ಅರಳುತ್ತದೆ. ಇದು ಅರಳಬಾರದು.
ಸ್ಕ್ರೂಗಳ ತಲೆಗೆ ಎಳೆದ ಕೆಂಪು ಗೆರೆ
ಗೆರೆಯಾಗೇ ಉಳಿಯಿತು.

ಆಮೇಲೆ ಮುಚ್ಚಿದ ಪಾತ್ರೆಯಲ್ಲಿ ಮೂರು ದಿನ
ಐವತ್ತು ಡಿಗ್ರಿಯ ಬೇಸಿಗೆ.
ನಾಲ್ಕನೆಯ ದಿನ ಐದು ಜನ ಸಾಲಾಗಿ ಕೂತೆವು, ಮೂಸಲು.
ಸಂಬಳಕ್ಕೆ ಮೂಸುವವರು ಅಂತ ಊರಲ್ಲಿ ನಗುತ್ತಾರೆ. ನಗಲಿ.
ಆ ದಿನ ಎಲೆಅಡಿಕೆ ಇಲ್ಲ, ತಲೆಗೆ ಎಣ್ಣೆ ಇಲ್ಲ,
ಬೆಳ್ಳುಳ್ಳಿ ಖಾರ ಎರಡು ದಿನ ಮೊದಲೇ ಬಂದ್.
ಡ್ರೈವರ್ ಪಾಲಯ್ಯನ ಮೂಗು ಎಲ್ಲರಿಗಿಂತ ಚುರುಕು.
ಗಾಳಿ ತಿರುಗಿದರೆ ಯಾವ ಮಿಲ್ಲಲ್ಲಿ ಶೇಂಗಾ ಸೀದಿದೆ ಅಂತ ಹೇಳಬಲ್ಲ.
ಸಿರಿಂಜಿನಿಂದ ಒಂದೊಂದು ಗುಟುಕು ಗಾಳಿ.
"ಹೊಸ ಚಪ್ಪಲಿ," ಅಂದ. ಯೋಚಿಸಿ, "ಅದೂ ಬಹಳ ದೂರದಲ್ಲಿ."
ಅರ್ಧ ಅಂಕ. ಪಾಸು.
ಇಲ್ಲಿ ನಾತವಾದರೆ ಎದ್ದು ಹೊರಗೆ ಹೋಗಿ ನಿಲ್ಲಬಹುದು.
ಅಲ್ಲಿ ಕಿಟಕಿ ತೆಗೆಯುವಂತಿಲ್ಲ.

ಕೊನೆಗೆ ನನ್ನ ಕೆಲಸ.
ಬಿಳಿ ಹತ್ತಿಯ ಕೈಗವಸು ತೊಟ್ಟು, ದೀಪ ಆರಿಸಿ,
ಒಂದೊಂದು ಅಂಚು, ಒಂದೊಂದು ಕೀಲು ಸವರುವುದು.
ದೀಪ ಆರಿಸಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಅದು ಅವ್ವನದು.
ಕಂಬಳಿಗೆ ಉಣ್ಣೆ ಬಿಡಿಸುವಾಗ ಅವ್ವ
ನೆಗ್ಗಿಲಮುಳ್ಳನ್ನು ಕಣ್ಣು ಮುಚ್ಚಿ ಹುಡುಕುತ್ತಿದ್ದಳು:
"ಕಣ್ಣ ನಂಬಬ್ಯಾಡ ಕಣೆ, ಅದಕ್ಕೆ ಹೊಳೆಯಾದು ಕಂಡ್ರೆ ಆಸೆ."

ಮುಚ್ಚಳದ ಕೆಳಗೆ, ಏಳನೆಯ ಸ್ಕ್ರೂ ಪಕ್ಕ
ಬೆರಳು ಸರಿಯಿತು. ಎಳೆ ಸರಿಯಲಿಲ್ಲ.

ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು
"ಒಂದೆಳೆ ತಾನೆ, ಬೀರಮ್ಮ?" ಅಂದರು ಮೇಡಮ್ಮರು.
ಉಡಾವಣೆಗೆ ನಲವತ್ತೊಂದು ದಿನ.
ಉಜ್ಜಿ ನಯ ಮಾಡಿದರೆ ಪೆಟ್ಟಿಗೆ ಹೊಸದಾದಂತೆ ಲೆಕ್ಕ;
ಅಲುಗಾಟ, ಬೇಸಿಗೆ, ಮೂಗು, ಎಲ್ಲ ಮತ್ತೆ ಮೊದಲಿಂದ.
ಅವರಿಗೂ ಗೊತ್ತು.

ನಾನು ಯೋಚಿಸುತ್ತಿದ್ದುದು ಒಂದು ಕೈಯನ್ನು.
ಹೆಸರು ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ.
ನಿದ್ದೆ ಸಾಲದೆ, ಕಾಲು ಯಾವುದೋ ಪಟ್ಟಿಗೆ ಸಿಕ್ಕಿಸಿಕೊಂಡು,
ಸಾವೆ ಮೊಳೆತಿದೆಯೇ ನೋಡಲು ಮುಚ್ಚಳಕ್ಕೆ ಚಾಚಿದ ಕೈ.
ಅಲ್ಲಿ ರಕ್ತ ತೊಟ್ಟಿಕ್ಕುವುದಿಲ್ಲವಂತೆ.
ಗುಂಡಗಾಗಿ, ಮಣಿಯಾಗಿ, ಕಣ್ಣೆದುರೇ ತೇಲುತ್ತದಂತೆ.

"ಒಂದೇ ಎಳೆ ಮೇಡಂ," ಅಂದೆ.

ಮರುದಿನ ಮೊದಲ ಬಸ್ಸಿಗೆ ಬಂದರು.
ಕೈಗವಸು ಕೇಳಲಿಲ್ಲ. ನಾನು ದೀಪ ಆರಿಸಿದೆ.
ಕತ್ತಲಲ್ಲಿ "ಸ್ಸ್" ಅಂದದ್ದಷ್ಟೇ ಕೇಳಿಸಿತು.
ದೀಪ ಹಾಕಿದಾಗ ಬೆರಳು ಬಾಯಲ್ಲಿತ್ತು.
"ಅರ ಯಾರ ಹತ್ತಿರ ಇದೆ?" ಅಂದರು.

ವರದಿಯ ನಮೂನೆಯಲ್ಲಿ ಎಳೆಗೆ ಅಂತ ಜಾಗವಿಲ್ಲ.
ಷರಾ ಕಾಲಮ್ಮಿನಲ್ಲಿ ಅದನ್ನೇ ಟೇಪು ಹಾಕಿ ಅಂಟಿಸಿದೆ.
ವಾರದ ಮೇಲೆ ದೊಡ್ಡ ಕಚೇರಿಯಿಂದ ಫೋನು:
ಹದಿನಾಲ್ಕನೇ ಪುಟದಲ್ಲಿ ಏನಮ್ಮ ಇದು, ಕೂದಲು?
ಕೂದಲಲ್ಲ ಸಾರ್, ಹತ್ತಿ.

ಪೆಟ್ಟಿಗೆ ಮತ್ತೆ ಬೇಸಿಗೆಯಲ್ಲಿದೆ, ಎರಡನೆಯ ದಿನ.
ಪಾಲಯ್ಯ ಇವತ್ತಿಂದಲೇ ಬೆಳ್ಳುಳ್ಳಿ ಬಿಟ್ಟಿದ್ದಾನೆ.