ನಡುವಿನ ಗಾಂಧಾರ

ದಾವಣಗೆರೆ. ಮಂಡಕ್ಕಿ ಭಟ್ಟಿಯ ಹಿಂದೆ, ರಾತ್ರಿ ಹನ್ನೊಂದೂವರೆ.
ದಂತ ಕಾಲೇಜಿನ ಬೆಹ್ರೂಜ್
ತೋರುಬೆರಳಿನ ಉಗುರೊಂದನ್ನು ಮಾತ್ರ ಕತ್ತರಿಸಿಲ್ಲ;
ಕೈಗವಸು ಹರಿದರೆ ಹರಿಯಲಿ.
ಅವನ ಸೆಹತಾರಿಗೆ ಹೆಸರಲ್ಲಿ ಮೂರು ತಂತಿ,
ಎಣಿಸಿದರೆ ನಾಲ್ಕು.
‘ಆ ಒಂದು ಆಮೇಲೆ ಬಂದು ಸೇರಿತು,
ನನ್ನ ಹಾಗೆ.’

ಭಜಂತ್ರಿ ದುರುಗೇಶಣ್ಣ ಮದುವೆ ಮುಗಿಸಿ ಬಂದ,
ಕೆಂಪು ಕೋಟು ಬಿಚ್ಚಿ ಮೂಟೆಯ ಮೇಲೆಸೆದು
ಸ್ಯಾಕ್ಸಿನ ರೀಡನ್ನು ನಾಲಿಗೆಯಲ್ಲಿ ನೆನೆಸಿದ.
ಮೊಬೈಲಿನಲ್ಲಿ ಜಾಝ್ ಕೇಳಿ ಕೇಳಿ
ಕೆಟ್ಟುಹೋದ ಕಿವಿ ಅವನದು, ಅನ್ನುತ್ತದೆ ಬ್ಯಾಂಡ್‌ಸೆಟ್ಟು.
ಯಾವ ರಾಗ ಅಂತ ಕೇಳಲಿಲ್ಲ.

ನಾನು ಎಣ್ಣೆಡಬ್ಬದ ಮೇಲೆ ಏಳು ಹಿಡಿದೆ,
ಅವರು ಐದಕ್ಕೆ ಹೋದರು, ನಾನೂ ಹೋದೆ;
ತಪ್ಪಿತೆಂದು ತಿರುಗಿ ನೋಡಿದರೆ
ಮೂವರೂ ಒಂದೇ ಕಡೆ ತಪ್ಪಿದ್ದೆವು.

ಆಗ ಆ ಸ್ವರ ಬಂತು.
ಕೋಮಲ ಅಲ್ಲ, ಶುದ್ಧ ಅಲ್ಲ,
ನಡುವೆ, ಮೆಟ್ಟಿಲಿಲ್ಲದ ಜಾಗದಲ್ಲಿ ಒಂದು ಗಾಂಧಾರ.
ದುರುಗೇಶಣ್ಣನ ತುಟಿ ಸಡಿಲಾಯಿತು, ಹಿತ್ತಾಳೆ ಜಾರಿತು,
ಹಿಡಿಯಿತು.
ಹುಡುಗನಿದ್ದಾಗ ಇದೇ ಸ್ವರಕ್ಕೆ
ಅವರಪ್ಪ ಶಹನಾಯಿಯಿಂದಲೇ ಬೆರಳಿಗೆ ಬಿಟ್ಟಿದ್ದ.
ಬೇಸೂರು.
‘ಇರು’ ಅಂದ ಬೆಹ್ರೂಜ್,
ಅವನಿಗೆ ಗೊತ್ತಿದ್ದ ಹತ್ತು ಕನ್ನಡ ಮಾತಲ್ಲಿ ಒಂದು,
‘ಅಲ್ಲೇ ಇರು.’

ಇದ್ದ.
ಎಷ್ಟು ಹೊತ್ತೋ.
ಬಾಣಲೆಯಲ್ಲಿ ಉಸುಕು ಕಾಯುತ್ತಿತ್ತು,
ಜರಡಿ ಹಿಡಿದ ಹಸೀನಾಬಿ
ಅಕ್ಕಿ ಸುರಿಯುವುದು ಮರೆತು ನಿಂತಿದ್ದಳು.
ಆಮೇಲೆ ನೆನಪಾಗಿ ಸುರಿದಳು:
ಸಾವಿರ ಕಾಳು ಒಟ್ಟಿಗೇ ಅರಳಿದವು,
ಒಂದೂ ತಾಳಕ್ಕಲ್ಲ.