ನಡುಗೋಡೆ

ವಡಗಾವಿಯ ಆ ಓಣಿಯಲ್ಲಿ ಸ್ಕೂಟಿಗೂ ಜಾಗವಿಲ್ಲ.
ಬಾವಿಕಟ್ಟೆಗೆ ಆನಿಸಿ ನಿಲ್ಲಿಸಿ ಒಳಗೆ ಹೋದೆ.
ಚೀಲದಲ್ಲಿ ತೇವ ಅಳೆಯುವ ಯಂತ್ರ, ಟಾರ್ಚು,
ಮುಚ್ಚಳದ ನಾಲ್ಕು ಗಾಜಿನ ತಟ್ಟೆ.
ಮಗ್ಗದ ಸಪ್ಪಳಕ್ಕೆ ನನ್ನ ಹೆಸರು ಯಾರಿಗೂ ಕೇಳಲಿಲ್ಲ.
ತುಳಜವ್ವ ಕಿವಿಯ ಹತ್ತಿರ ಬಂದಳು: "ಯಾರ ಪೈಕಿ?"
ನದಾಫ, ಅಂದೆ.
"ಗಾದಿ ಹಿಂಜವರೇನು?"
ನಮ್ಮಜ್ಜ ಹಿಂಜತಿದ್ದ. ನಾನು ಗ್ವಾಡಿ ನೋಡತೀನಿ.
"ಗ್ವಾಡ್ಯಾಗ ಏನೈತಿ ನೋಡೂದು?"
ನಗಲು ಹೋದವಳು ಕೆಮ್ಮಿದಳು.
ಕೆಮ್ಮು ಮುಗಿಯುವವರೆಗೆ ನಗೆ ಮುಖದಲ್ಲೇ ಕಾಯುತ್ತಿತ್ತು.

ಕೂಸಿಗೆ ನಾಲ್ಕು ವರ್ಷ.
ಮಲಗಿದರೆ ಎದೆಯಲ್ಲಿ ಬೆಕ್ಕು ಕುಂತಂಗ ಗುರುಗುರು,
ರಾತ್ರಿ ಎರಡಕ್ಕ ಹೊಗಿ ಮಷೀನ ಹಚ್ಚತೇವ್ರಿ, ಅಂದಳು ತಾಯಿ.
ಮಲಗುವ ಕೋಣೆ ಮಾತ್ರ ಮದುವೆಮನೆ:
ಗೋಡೆ ತುಂಬ ಅಮೃತಶಿಲೆಯ ಹಾಗೆ ಹೊಳೆಯುವ ಪ್ಲಾಸ್ಟಿಕ್ ಹಲಗೆ.
"ನಾದಿನಿನ್ನ ನೋಡಾಕ ಇಚಲಕರಂಜಿಯವರು ಬರವರಿದ್ರು.
ಕರ್ರಗ ಕಂಡ್ರ ಏನಂದಾರು ಅಂತ ಹೊಡಸೇವಿ."
ನಾದಿನಿ ಮದುವೆಯಾಗಿ ಹೋದಳು.
ಹಲಗೆ ಉಳಿಯಿತು. ಹಲಗೆಯ ಹಿಂದಿನದೂ.

ಯಂತ್ರ ಹಚ್ಚಿದೆ. ಕೀರಲಾಡಿತು.
ಎರಡು ಸ್ಕ್ರೂ ತೆಗೆದೆ, ಮೂರನೆಯದು ತಾನೇ ಬಿತ್ತು.
ಮೇಲೆ ಜೀರಿಗೆ ಚೆಲ್ಲಿದ ಹಾಗೆ,
ನಡುವೆ ಎಳ್ಳು,
ಕೆಳಗೆ ಬರಬರುತ್ತ ಕಂಬಳಿ.
ಆಷಾಢದಲ್ಲಿ ಹಿಂಡಿ ಮರೆತ ಅರಿವೆಯ ನಾತ
ಒಮ್ಮೆಲೆ ಕೋಣೆಯೊಳಗೆ ಬಂದು ನಿಂತಿತು.
ಯಾರೂ ಮಾತಾಡಲಿಲ್ಲ.

ಆ ಕಪ್ಪಿನ ನಡುವೆ ನೇರವಾದ ನಾಲ್ಕು ಗೆರೆ.
ಗಿಲಾಯಿ ಬೇರೆ, ವಯಸ್ಸು ಬೇರೆ.
ಇಲ್ಲೊಂದು ಕಿಟಕಿ ಇತ್ತೇನ್ರಿ?
ಮಾರ್ತಂಡ ಮಗ್ಗ ನಿಲ್ಲಿಸಿ ಬಂದಿದ್ದ, ಕೈಯಲ್ಲಿ ಲಾಳಿ ಹಾಗೇ ಇತ್ತು.
"ಇತ್ರಿ."
ಯಾವಾಗ ಮುಚ್ಚಿದ್ರಿ?
"ವಾಟಣಿ ಆದ ವರ್ಷ. ಆ ಕಡೆ ನಮ್ಮಣ್ಣ ಅದಾನ."

ಪಡುವಣ ಗಾಳಿ ಈ ಊರಿಗೆ ಬರುವುದು ಆ ಕಡೆಯಿಂದಲೇ.
ಹವೆಯ ತೇವ ನೂರಕ್ಕೆ ಎಂಬತ್ತಾರು ಎಂದು ಬರೆದೆ,
ಅರವತ್ತಕ್ಕೆ ಇಳಿಯಬೇಕು ಎಂದೂ.
"ಅಷ್ಟ ಇಳದ್ರ ಎಳಿ ಹರೀತಾವ್ರಿ.
ಮಗ್ಗಕ್ಕ ಹಸಿ ಬೇಕು, ಮಗಳಿಗೆ ಒಣಾ ಬೇಕು.
ನೀವು ಯಾರ ಕಡೆ ಬರೀತೀರಿ?"
ಪೆನ್ನು ಒಂದು ಗಳಿಗೆ ಅಜ್ಜನ ಹತ್ತಿರ ಹೋಯಿತು.
ಸಾಯುವವರೆಗೂ ಅವನ ಹುಬ್ಬು ಬೆಳ್ಳಗಿತ್ತು,
ಹತ್ತಿಯೋ ಮುಪ್ಪೋ ತಿಳಿಯಲೇ ಇಲ್ಲ.
ಆಗ ಯಂತ್ರವಿರಲಿಲ್ಲ,
ಅಜ್ಜಿ ಕತ್ತಲಲ್ಲಿ ಕೂತು ಅವನ ಉಸಿರು ಎಣಿಸುತ್ತಿದ್ದಳು.
ಮಗ್ಗದ ಕೋಣೆಗೆ ಬಾಗಿಲು ಹಚ್ಚಬೇಕು,
ಮಲಗುವ ಕೋಣೆಗೆ ಕಿಟಕಿ ತೆಗೆಯಬೇಕು, ಎಂದು ಬರೆದೆ.
ಮೊದಲ ಸಾಲನ್ನು ಅವನು ಎರಡು ಸಲ ಓದಿದ.

ಹನ್ನೊಂದು ದಿನ ಬಿಟ್ಟು ಫೋನು.
"ನಾನು ವಿಠೋಬ, ಬಾಜೂ ಮನಿಯವ.
ಹಿಂದಿನ ಓಣೀಲಿಂದ ಬರ್ರಿ. ತಮ್ಮಗ ಹೇಳಬ್ಯಾಡ್ರಿ."
ಅದೇ ಗೋಡೆ, ಅದೇ ಕಲೆ,
ಸೀರೆಯ ಒಳಮೈ ತಿರುವಿ ಹಿಡಿದಂತೆ.
ಕಿಟಕಿಯ ಅರ್ಧ ಆಳ ಈ ಕಡೆ ಗೂಡಾಗಿ ಉಳಿದಿದೆ,
ಗೂಡಿನ ತುಂಬ ಖಾಲಿ ಕಂಡಿಕೆ.
ಇಟ್ಟಿಗೆ ಎಷ್ಟು ಪೊಳ್ಳು ನೋಡಲು ಬೆರಳಿನ ಗೆಣ್ಣಿನಿಂದ
ಮೂರು ಸಲ ಕುಟ್ಟಿದೆ. ನನ್ನ ರೂಢಿ ಅದು.
ಆ ಕಡೆಯ ಮಗ್ಗ ತಟ್ಟನೆ ನಿಂತಿತು.
ನಿಂತ ಸಪ್ಪಳದ ಜಾಗದಲ್ಲಿ ಒಂದು ಕೆಮ್ಮು,
ಸಣ್ಣದು, ಮತ್ತೊಂದು.

"ಯಾರದು? ಸಣ್ಣಾಕಿದೇನು?"
ಹೇಳಬಾರದಿತ್ತು. ಹೇಳಿದೆ.
ಅವನು ಕೂಸನ್ನು ಕಂಡೇ ಇರಲಿಲ್ಲವಂತೆ,
ಬಾರಸೇದ ದಿನ ಪೇಢೆಯ ಪುಡಿಕೆ ಹೊಸ್ತಿಲಿಗೆ ಬಂದು ತಿರುಗಿ ಹೋಗಿತ್ತಂತೆ.
"ಇದನ್ನ ತೆಗ್ಯಾಕ ಎಷ್ಟ ದಿನಾ ಬೇಕು?"
ಅರ್ಧಾ ದಿನ, ಅಂದೆ.

ಅವನು ಗೂಡಿನಿಂದ ಕಂಡಿಕೆಗಳನ್ನು
ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕತೊಡಗಿದ.
ನಾನು ಗಾಜಿನ ತಟ್ಟೆ ಮುಚ್ಚಿ
ಮೇಲೆ ವೇಳೆ ಬರೆದೆ: ನಾಲ್ಕು ಹತ್ತು.
ಆ ಕಡೆಯ ಮಗ್ಗ ಇನ್ನೂ ಶುರುವಾಗಿರಲಿಲ್ಲ.